ಲೇಡಿ ಡಾಕ್ಟರೇ ಬೇಕೆಂದವಳು ನಾನು

ಮಗಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಊಟ ಬಿಟ್ಟಳು. ಮೊದಲು ಅನ್ನ, ಆಮೇಲೆ ಚಪಾತಿ, ಕೊನೆಗೆ ಹಾಲು ಕೂಡ. ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದ ಮೇಲೆ ಜೆ.ಪಿ. ನಗರದ ಒಬ್ಬ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಐವತ್ತು ದಾಟಿದ ಗಂಡಸು. ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತು. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ಆರನೆಯ ವಾರ ವಾಪಸು ಬರುವಾಗ, ಸಾರಕ್ಕಿ ಸಿಗ್ನಲಿನಲ್ಲಿ ಆಟೊ ನಿಂತಿತ್ತು. "ಅಮ್ಮ, ಮನೇಲಿ ಮೊಸರಿದೆಯಾ?" ಎಂದು ಕೇಳಿದಳು. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅದೇ ವಾರ ಶ್ರೀನಗರದ ನಮ್ಮ ಮನೆಗೆ ನನ್ನ ಅಕ್ಕ ಬಂದಳು. "ವಯಸ್ಸಿಗೆ ಬಂದ ಹುಡುಗಿ ಕಣೇ. ಮೈ, ಮುಟ್ಟು ಅಂತೆಲ್ಲ ಗಂಡಸಿನ ಹತ್ರ ಹೇಗೆ ಹೇಳ್ತಾಳೆ? ಲೇಡಿ ಡಾಕ್ಟರ್ ಸಿಗಲಿಲ್ವಾ ನಿಂಗೆ?" ಎಂದಳು. ಬೆಂಚಿನ ಮೇಲೆ ಕೂತಾಗ ನನಗೂ ಅದೇ ಅಳುಕಿತ್ತು. ಮರುದಿನವೇ ಫೋನ್ ಮಾಡಿ ಅಲ್ಲಿ ನಿಲ್ಲಿಸಿದೆ. ಜಯನಗರದಲ್ಲಿ ಒಬ್ಬ ವೈದ್ಯೆಯನ್ನು ಗೊತ್ತು ಮಾಡಿ, ಆಮೇಲೆ ಮಗಳಿಗೆ ತಿಳಿಸಿದೆ.

ಆಕೆ ಒಳ್ಳೆಯವರು, ತಪ್ಪು ಅವರದಲ್ಲ. ಮಗಳು ಎರಡು ಸಲ ಹೋದರೂ ಬಾಯಿ ಬಿಡಲಿಲ್ಲ. ಮೂರನೆಯ ಸಲ ಹೊರಡಲೇ ಇಲ್ಲ.

"ಹೆಂಗಸಾದ್ರೆ ನಿಂಗೆ ಸುಲಭ ಅಂತ ತಾನೇ ಮಾಡಿದ್ದು?" ಎಂದೆ.

"ಅವರ ಮುಂದೆ ಕೂತ್ರೆ ಅವರ ಸೊಂಟ, ನನ್ನ ಸೊಂಟ ಅಳೀತಾ ಇರ್ತೀನಮ್ಮ. ಚಿಕ್ಕೋಳಿದ್ದಾಗಿಂದ ನನ್ನ ಮೈ ಬಗ್ಗೆ ಮಾತಾಡಿದ್ದೆಲ್ಲ ಹೆಂಗಸರೇ. ಅಜ್ಜಿ, ದೊಡ್ಡಮ್ಮ, ನೀನು. ಆ ಸರ್ ಹತ್ರ ಅದು ನೆನಪಾಗ್ತಿರಲಿಲ್ಲ. ನನ್ನ ಒಂದು ಮಾತು ಕೇಳಬಹುದಿತ್ತು."

ಅವಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ತಂದ ಚೂಡಿದಾರ್ ಬಿಗಿಯಾದಾಗ, "ಇವಳ ಸೈಜು ಅಂಗಡೀಲೇ ಇಲ್ಲ" ಎಂದು ನೆಂಟರೆದುರು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ಮತ್ತೆ ಜೆ.ಪಿ. ನಗರಕ್ಕೆ ಹೋಗಿ ಕೇಳಿಕೊಂಡೆ. "ಬರಲಿ ಮೇಡಂ, ನಂದೇನೂ ಅಭ್ಯಂತರ ಇಲ್ಲ. ಆದ್ರೆ ಅವರಿಗೇ ಮನಸ್ಸಿರಬೇಕು," ಎಂದರು. ಮಗಳಿಗೆ ಹೇಳಿದೆ.

"ಎಲ್ಲ ಹೇಳ್ಕೊಂಡ ಮೇಲೆ ನೀನು ಮತ್ತೆ ನಿಲ್ಲಿಸಿದ್ರೆ?" ಎಂದಳು. ಹೋಗಲಿಲ್ಲ.

ಎರಡು ತಿಂಗಳಿಗೆ ಆಸ್ಪತ್ರೆ ಸೇರಿದಳು. ಮೂಗಿನಲ್ಲಿ ನಳಿಕೆ ಹಾಕಿ ಆಹಾರ ಕೊಟ್ಟರು. ಬದುಕಿದಳು, ಆದರೆ ಮೂಳೆಗಳು ಸವೆದಿವೆ ಎನ್ನುತ್ತಾರೆ.

ಈಗ ಬಿಟಿಎಂ ಬಡಾವಣೆಯ ಒಂದು ಪಿಜಿಯಲ್ಲಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ತಾನೇ ಹುಡುಕಿಕೊಂಡ ಯಾರೋ ವೈದ್ಯರ ಬಳಿ ಹೋಗುತ್ತಾಳಂತೆ. ಭಾನುವಾರ ಮನೆಗೆ ಬಂದಾಗ ಸ್ವಲ್ಪ ಉಣ್ಣುತ್ತಾಳೆ, ನಾನು ಎದುರಿಗಿಲ್ಲದಿದ್ದರೆ ಮಾತ್ರ. ಬಡಿಸಿಟ್ಟು, ನಾನು ಹೊರಗೆ ಹೋಗಿ ಕೂರುತ್ತೇನೆ.