ಸ್ಟೀಲ್ ಡಬ್ಬದ ಮೇಲೆ ನನ್ನ ಹೆಸರು

ಮಿತ್ರರೇ, ಚಾಮರಾಜಪೇಟೆಯ ಮದುವೆಯೂಟ ಮುಗಿಸಿ ಈಗಷ್ಟೇ ಬಂದೆ, ಕೂತಲ್ಲಿ ಕೂರಲಾಗುತ್ತಿಲ್ಲ. 'ಮೇಕ್ ಯುವರ್ ಮಾರ್ಕ್' ಎಂದೋ 'ಲೀವ್ ಯುವರ್ ಮಾರ್ಕ್' ಎಂದೋ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಒಟ್ಟಿನಲ್ಲಿ, ಹೆಸರು ಉಳಿಯಬೇಕು ಅಂತ. ಮದುವೆಗಳಿಗೆ ಕೊಡುವ ಪಾತ್ರೆಗಳ ಮೇಲೆಲ್ಲ ನನ್ನ ಹೆಂಡತಿ ತನ್ನ ಹೆಸರನ್ನೇ ಕೆತ್ತಿಸುತ್ತಿದ್ದಳು. ಅವಳು ತೀರಿಹೋದ ಮೇಲೆ ನಾನು ಉಡುಗೊರೆ ಕೊಟ್ಟ ಮೊದಲ ಮದುವೆ ಇದು. ಸ್ಟೀಲ್ ಡಬ್ಬದ ಮೇಲೆ ನನ್ನ ಹೆಸರನ್ನು, ಬಿ.ಎ. ಸಮೇತ, ಕೆತ್ತಿಸಿದೆ.

ಮದುಮಗಳ ತಾಯಿ, ನಮ್ಮ ಬೀದಿಯವರೇ, ಉಡುಗೊರೆ ಜೋಡಿಸುತ್ತಾ ಅದನ್ನು ಓದಿ ತಮ್ಮ ಅಕ್ಕನನ್ನು ಕೇಳಿದರು: "ಗೋವಿಂದಪ್ಪ, ಬಿ.ಎ. ಅಂತೆ. ಯಾರೇ ಇದು?"

"ನಾನೇ ಕಣಮ್ಮಾ!" ಎಂದೆ ಹಿಂದಿನಿಂದ.

"ಅಯ್ಯೋ, ನೀವಾ! ಜಯಮ್ಮನೋರ ಯಜಮಾನ್ರು ಅಂತ ಹಾಕ್ಸಿದ್ರೆ ಗೊತ್ತಾಗ್ತಿತ್ತಪ್ಪ!"

ನಮ್ಮ ಬೀದಿಯ ಅಡುಗೆಮನೆಗಳಲ್ಲೆಲ್ಲ ಅವಳ ಹೆಸರಿದೆ. ನನ್ನದು ಇರುವುದು ಒಂದೇ ಡಬ್ಬದ ಮೇಲೆ, ಅದನ್ನೂ ಅಟ್ಟಕ್ಕೆ ಹಾಕದಿದ್ದರೆ ಪುಣ್ಯ.