ಗಿರಿಜಾ ಟೀಚರ್ ಬರೆದ ವಾಲಿದ ಮನೆಗಳು

ಗಿರಿಜಾ ಟೀಚರ್ ಬರೆಯುವ ಮನೆಯ ಚಿತ್ರದಲ್ಲಿ ಮೊದಲು ಬರುತ್ತಿದ್ದದ್ದು ಸೂರು. ಗೋಡೆಯಿಲ್ಲ, ಬಾಗಿಲಿಲ್ಲ, ಖಾಲಿ ಜಾಗದಲ್ಲಿ ಒಂದು ಕೆಂಪು ಸೂರು ತೇಲುತ್ತಿತ್ತು. ಕೆಮ್ಮಣ್ಣಿಗೆ ಅಂಟು ಕಲಸಿ ಅದನ್ನು ದಪ್ಪಗೆ ಬಳಿದ ಮೇಲೆ, ಇದ್ದಿಲಿನಲ್ಲಿ ಎರಡು ಗೀಟೆಳೆದು ಗೋಡೆ ಅನ್ನುತ್ತಿದ್ದರು. "ತಲೆ ಮೇಲೆ ಏನಾರು ಇದ್ರೆ ಸಾಕ್ರೀ, ಗೋಡೆ ಆಮೇಲೆ ತಾವೇ ಬರ್ತಾವೆ."

ಅವರು ಸೊರಬದವರು. ಶಿಕಾರಿಪುರದ ನಮ್ಮ ಶಾಲೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಚಿತ್ರಕಲಾ ಶಿಕ್ಷಕಿ. ನಾನು ಎಂ.ಎ. ಮುಗಿಸಿ ಆಗಷ್ಟೇ ಸೇರಿದ್ದ ಕನ್ನಡ ಮೇಷ್ಟ್ರು. ಶಾಲೆಯ ಹೊರಗೋಡೆಯ ಮೇಲೆ ಅವರು ಬರೆದ ಬೀದಿಯಲ್ಲಿ ಒಂದು ಮನೆಯೂ ನೆಟ್ಟಗಿರಲಿಲ್ಲ. ಎಲ್ಲವೂ ಒಂದರ ಕಡೆಗೊಂದು ವಾಲಿದ್ದವು. ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ನಾನು ಒಪ್ಪಿಸಿದೆ: ಅಭಿವ್ಯಕ್ತಿವಾದಿ ಚಿತ್ರಗಳಲ್ಲಿ ವಾಲಿದ ಮನೆಯೆಂದರೆ ಬರೆದವರ ಒಳಗಿನ ಭಯ, ಸೂರೆಂದರೆ ತಲೆಯ ಮೇಲಿನ ಭಾರ.

"ಭಯ ನಿಮಗಿರ್ಬೇಕು ಮೇಷ್ಟ್ರೇ. ಇವು ಪಕ್ಕದ್ಮನೆ ಮಾತು ಕೇಳಕ್ಕೆ ಬಗ್ಗಿದಾವೆ, ಅಷ್ಟೇ," ಎಂದು ನಕ್ಕರು.

ಶಾಲಾ ಸಮಿತಿಯ ಅಧ್ಯಕ್ಷರಿಗೆ ನಗು ಬರಲಿಲ್ಲ. "ಏನ್ರೀ ಟೀಚರ್, ಎಲ್ಲಾ ಮನಿ ಕುಡ್ದು ನಿಂತಂಗ ಅದಾವಲ್ರೀ! ಬೀಳೋ ಮನಿ ಶಾಲಿಗೆ ಅಪಶಕುನ. ನೆಟ್ಟಗ ಮಾಡ್ರಿ, ಇಲ್ಲಾಂದ್ರ ಸುಣ್ಣ ಹೊಡಸ್ತೀವಿ." ಟೀಚರ್ ತಿರುಗಿ ಕೇಳಿದರು:

"ಬಿದ್ದಾವೇನ್ರೀ? ನಿಂತ್ಕಂಡಾವಲ್ಲ!"

ದಸರಾ ರಜೆ ಮುಗಿಸಿ ಬಂದಾಗ ಗೋಡೆ ಬೆಳ್ಳಗಿತ್ತು. ದೂರು ಬರೆಯೋಣವೆಂದು ನಾನು ಕೂಗಾಡಿದೆ. ಟೀಚರ್ ಗೋಡೆಗೆ ಅಂಗೈ ಒತ್ತಿ, ಸುಣ್ಣ ಒಣಗಿದೆಯೋ ಎಂದು ನೋಡಿದರು. "ಒಳ್ಳೇ ಹೊಸ ಹಾಳೆ ಕೊಟ್ಟಾರಲ್ರೀ," ಎಂದವರೇ ಸೆರಗು ಸಿಕ್ಕಿಸಿ ಮತ್ತೆ ಸೂರು ಬರೆಯತೊಡಗಿದರು. ಎರಡನೇ ಸಲ ಮನೆಗಳು ಇನ್ನೂ ಹೆಚ್ಚು ವಾಲಿದ್ದವು ಎಂದು ನನ್ನ ನೆನಪು. ಅದು ನಿಜವೋ, ನನ್ನ ಆಸೆಯೋ, ಹೇಳಲಾರೆ. ಅಧ್ಯಕ್ಷರು ಮತ್ತೆ ಸುಣ್ಣ ತರಿಸಲಿಲ್ಲ ಎಂಬುದಷ್ಟೇ ಖಚಿತ.

ಹೋದ ವರ್ಷ ಟೀಚರ್ ತೀರಿಕೊಂಡರು. ಇಷ್ಟು ವರ್ಷಗಳಲ್ಲಿ ಮಕ್ಕಳ ಬೆನ್ನು ತಾಗಿ ತಾಗಿ ಇದ್ದಿಲಿನ ಗೋಡೆಗಳು ಅಳಿಸಿಹೋಗಿವೆ. ಕೆಂಪು ಸೂರುಗಳು ಮಾತ್ರ ಉಳಿದಿವೆ. ಹೊಸ ಹೆಡ್‌ಮಾಸ್ಟರ್ ಮೊನ್ನೆ ಪೇಂಟಿನವನನ್ನು ಕರೆತಂದು, "ಇದ್ರಾಗೆ ಮನಿ ಎಲ್ಲೈತ್ರೀ ಮೇಷ್ಟ್ರೇ? ಎಲ್ಲಾ ಬಿದ್ದೋಗ್ಯಾವೆ. ಬಳಿಸಿಬಿಡೋಣ," ಎಂದರು.

ಆಗ ನಾನಾಡಿದ ಮಾತು ಟೀಚರ್ ಆಡಿದ್ದೇ ಹೌದೋ, ನನ್ನ ನೆನಪು ತಿದ್ದಿಟ್ಟದ್ದೋ ಗೊತ್ತಿಲ್ಲ. ಪೇಂಟಿನ ಡಬ್ಬಿಗೂ ಗೋಡೆಗೂ ನಡುವೆ ಹೋಗಿ ನಿಂತು ಹೇಳಿದೆ:

"ಬಿದ್ದಾವೇನ್ರೀ? ನಿಂತ್ಕಂಡಾವಲ್ಲ!"