ಅತ್ತೆಯ ಬಾಯಲ್ಲಿ ‘ಬಿಡ್ತು’ ಅನ್ನಿಸಿದ ಸಂಜೆ

೨೦೦೬ರ ಧನುರ್ಮಾಸ. ಶಿಡ್ಲಘಟ್ಟದ ನಮ್ಮ ಮನೆಯ ಹಿಂಬಾಗಿಲಲ್ಲಿ ಕೂತು, ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕಿ ಸಿಪ್ಪೆ ಬಿಡಿಸುತ್ತಿದ್ದೆ. ಮನೆವಾರ್ತೆಯೇ ನನ್ನ ಉದ್ಯೋಗ. ಆಗ ಅದರಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸು. ಕಡೆಯ ಆರು ವರ್ಷ ಅತ್ತೆಯವರ ಬಿಪಿ ಮಾತ್ರೆ, ಎರಡು ಹೊತ್ತಿನ ಇನ್ಸುಲಿನ್ ಸೂಜಿ ಎಲ್ಲ ನನ್ನ ಕೈಯಲ್ಲೇ. ಅರ್ಧ ಪಾತ್ರೆ ಬೇಳೆ ಆಗಿತ್ತು, ಪಕ್ಕದ ಮನೆಯ ಮುನಿರತ್ನಮ್ಮ ಓಡಿ ಬಂದರು.

“ಅಕ್ಕಾ, ನಿಮ್ಮತ್ತೆ ಗುಡಿಯಾಗೆ ಬಿದ್ದೋಗವ್ರೆ! ಪ್ರಸಾದಕ್ಕೆ ಕೈ ಒಡ್ಡಿದ್ದೋರು ಹಂಗೇ ಕುಸುದ್ರು.”

ಬಚ್ಚಲಲ್ಲಿ ಬೀಳದೆ ದೇವರ ಮುಂದೆ ಬಿದ್ದರಲ್ಲ ಎಂದು ಓಡುತ್ತಲೇ ಕೈ ಮುಗಿದೆ. ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತು. ಅತ್ತೆಗೆ ಎಪ್ಪತ್ತಾರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದರು.

ಇದಕ್ಕೆ ಎಂಟು ತಿಂಗಳ ಹಿಂದಿನ ಒಂದು ಸಂಜೆಯನ್ನು ಇಲ್ಲಿ ಹೇಳಲೇಬೇಕು. ಮನೆ ಅತ್ತೆಯ ಹೆಸರಿನಲ್ಲಿತ್ತು. ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಸೇರಲಿ ಎಂದು ಉಯಿಲು ಬರೆಸಲು ಚಿಂತಾಮಣಿಯಿಂದ ಪರಿಚಯದ ವಕೀಲರನ್ನು ಕರೆಸಿದ್ದರು. ಉಯಿಲು ಮುಗಿಯಿತು, ಸಾಕ್ಷಿಗಳಿಬ್ಬರೂ ರುಜು ಹಾಕಿ ಹೋದರು. ವಕೀಲರು ಇನ್ನೊಂದು ಹಾಳೆ ತೆಗೆದರು.

“ಅಮ್ಮಾ, ಕಾಯಿಲೆ ಬಿದ್ದು ಮಾತು ನಿಂತರೆ ಏನು ಮಾಡಬೇಕು, ಏನು ಬೇಡ ಅಂತಲೂ ಬರೆಸಿಡಿ. ಈ ಕಾಗದಕ್ಕೆ ಕಾನೂನಿನ ಬಲ ಇಲ್ಲ. ಆದರೆ ನಿಮ್ಮ ಮನಸ್ಸು ಏನಿತ್ತು ಅಂತ ಮಕ್ಕಳಿಗೆ ಗೊತ್ತಾಗುತ್ತೆ.”

ಅತ್ತೆಯ ಅಕ್ಕ ಅದೇ ವರ್ಷ ತಿಂಗಳುಗಟ್ಟಲೆ ಪೈಪುಗಳ ನಡುವೆ ಮಲಗಿ ತೀರಿಕೊಂಡಿದ್ದರು. ಅತ್ತೆ ತಡವರಿಸಲೇ ಇಲ್ಲ. “ಬರ್ಕೊಳ್ಳಪ್ಪ. ಗುಣ ಆಗಲ್ಲ ಅಂದ್ಮೇಲೆ ನನ್ನ ಗಂಟಲಿಗೆ ಪೈಪು ತುರುಕಿಸ್ಬೇಡಿ. ಮನೆಗೆ ತಂದು ದೇವರ ಮನೆ ಮುಂದೆ ಚಾಪೆ ಹಾಸಿ, ಸಾಕು.”

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದೆ. “ಅತ್ತೆ, ಶುಕ್ರವಾರ, ದೀಪ ಹಚ್ಚೋ ಹೊತ್ತು. ಇದೇನು ಮಾತು? ಬಿಡ್ತು ಅನ್ನಿ!” ಕೆಟ್ಟ ಮಾತು ಆಡಿದವರ ಬಾಯಲ್ಲೇ ಬಿಡ್ತು ಅನ್ನಿಸಿದರೆ ಅದು ತಟ್ಟುವುದಿಲ್ಲ ಎಂದು ನಂಬಿ ಬೆಳೆದವಳು ನಾನು.

ಅತ್ತೆ ನಕ್ಕರು. “ಇವಳ ಬಾಯಿಗೆ ಹೆದರಿ ಯಮನೂ ಬೀದಿ ಬದಲಾಯಿಸ್ತಾನೆ ಕಣಪ್ಪ. ಸರಿ ತಾಯಿ, ಬಿಡ್ತು.”

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಆ ಹಾಳೆ ಖಾಲಿಯಾಗಿಯೇ ಚೀಲಕ್ಕೆ ಹೋಯಿತು.

ಆಸ್ಪತ್ರೆಯ ಮೂರನೇ ದಿನ ಅತ್ತೆಯ ಉಸಿರು ಸೋತಿತು. ಡಾಕ್ಟರು ನಮ್ಮನ್ನು ಹೊರಗೆ ಕರೆದರು. ವೆಂಟಿಲೇಟರ್ ಹಾಕಬಹುದು, ಎಂದರೆ ಗಂಟಲಿನ ಮೂಲಕ ಪೈಪು ಇಳಿಸಿ ಯಂತ್ರದಿಂದ ಉಸಿರಾಡಿಸುವುದು. ಆದರೆ ಚೇತರಿಸಿಕೊಳ್ಳುವ ಆಸೆ ತೀರಾ ಕಡಿಮೆ ಎಂದರು. “ಇವರು ಈ ವಿಚಾರ ಯಾವತ್ತಾದರೂ ಹೇಳಿದ್ದರಾ?”

ನಾನು ಆ ಸಂಜೆಯ ಮಾತನ್ನು ಹೇಳಿದೆ. ಗೌರಿಬಿದನೂರಿನಲ್ಲಿ ಹೆಡ್‌ಮಾಸ್ಟರಾಗಿದ್ದ ನಮ್ಮ ಭಾವ ನನ್ನ ಕಡೆ ತಿರುಗಿದರು.

“ಬರೆಸಿದ್ರಾ ಸರೋಜಾ?”

“ಇಲ್ಲ ಭಾವ. ನಾನೇ ತಡೆದೆ. ಬಿಡ್ತು ಅನ್ನಿಸಿದೆ.”

“ಅಮ್ಮ ಅಂದ್ರಾ?”

ಬಾಯಲ್ಲಿ ರಾಮನಾಮ ಇಟ್ಟುಕೊಂಡು ಸುಳ್ಳು ಹೇಳಲು ಆಗಲಿಲ್ಲ. “ಅಂದ್ರು.”

“ಹಂಗಾದ್ರೆ ಅವರೇ ವಾಪಸ್ ತಗೊಂಡ ಮಾತು ಅದು. ಅದನ್ನ ನಂಬ್ಕೊಂಡು ನನ್ನ ತಾಯಿ ಉಸಿರು ನಿಲ್ಲಿಸು ಅಂತೀಯೇನಮ್ಮ?” ಭಾವ ಅಳುತ್ತಿದ್ದರು. ನಮ್ಮ ಮನೆಯವರು ಅಣ್ಣನ ಹೆಗಲಿಗೆ ಕೈ ಹಾಕಿದರು. ವೆಂಟಿಲೇಟರ್ ಹಾಕಲು ಒಪ್ಪಿ ಭಾವ ರುಜು ಹಾಕಿದರು.

ಪೈಪು ಇಳಿಸಿ ಹನ್ನೊಂದು ದಿನ. ಅತ್ತೆಗೆ ಎಡಗೈಯಲ್ಲಿ ಮಾತ್ರ ಶಕ್ತಿ ಉಳಿದಿತ್ತು. ಪೈಪು ಕಿತ್ತುಕೊಂಡಾರು ಎಂದು ಆ ಕೈಯನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಏಳನೇ ದಿನ ಸಿಸ್ಟರ್ ಒಬ್ಬಳು ಕನಿಕರಪಟ್ಟು, “ಐದು ನಿಮಿಷ ಬಿಚ್ತೀನಿ ಅಮ್ಮ, ನೀವು ಹಿಡ್ಕೊಂಡಿರಿ” ಎಂದಳು. ಅಷ್ಟಾದರೂ ಕೊಟ್ಟೆಯಲ್ಲಪ್ಪ ತಂದೆ ಎಂದುಕೊಂಡು ಅವರ ಹಣೆಗೆ ದೇವರ ಕುಂಕುಮ ಇಟ್ಟೆ. ಬಿಚ್ಚಿದ ಕೈ ನೇರವಾಗಿ ಪೈಪಿಗೆ ಹೋಯಿತು. ಅದನ್ನು ಹಿಡಿದು ಕೆಳಗಿಳಿಸಿದವಳು ನಾನು. ಮತ್ತೆ ಹೋಯಿತು. ಮತ್ತೆ ಇಳಿಸಿದೆ. ಅವರ ಮನಸ್ಸು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಹನ್ನೊಂದನೇ ದಿನ, ಯಂತ್ರ ಇನ್ನೂ ಓಡುತ್ತಿರುವಾಗಲೇ ಹೋದರು. ದೇವರ ಮನೆ ಮುಂದೆ ಚಾಪೆ ಹಾಸಿದ್ದು ಹೆಣಕ್ಕೆ. ಎಲ್ಲ ಮುಗಿಸಿ ಅಡುಗೆಮನೆಗೆ ಬಂದರೆ, ಅರ್ಧ ಹಿತಕಿಟ್ಟಿದ್ದ ಬೇಳೆ ಬೂಸಲು ಹಿಡಿದು ನಾರುತ್ತಿತ್ತು.

ಮುಂದಿನ ವರ್ಷ ಅತ್ತೆಯ ತಿಥಿಗೆ ಎಲ್ಲರೂ ಸೇರಿದ್ದರು. ಊಟವಾದ ಮೇಲೆ, ನನ್ನ ಕಡೆಗಾಲಕ್ಕೆ ಏನು ಬೇಕು, ಏನು ಬೇಡ ಎಂದು ನಾನು ಬರೆದಿಟ್ಟಿದ್ದ ಹಾಳೆಯನ್ನು ಮಗಳು ವೀಣಾಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಮೂರನೇ ಸಾಲಿಗೆ ಅವಳು ಓದುವುದು ನಿಲ್ಲಿಸಿದಳು.

“ಅಮ್ಮಾ, ಬಿಡ್ತು ಅನ್ನು.”

“ಅನ್ನಲ್ಲ ಕಣೇ. ಮುಂದಕ್ಕೆ ಓದು.”

ವೀಣಾ ಓದಿ ಮುಗಿಸಿದಳು. ಭಾವ ಹಾಳೆ ಈಸಿಕೊಂಡು, ಸಾಕ್ಷಿಯ ಜಾಗದಲ್ಲಿ ತಮ್ಮ ಹೆಸರು ಬರೆದರು. “ನಂದೂ ಒಂದು ಬರಿಬೇಕು ಸರೋಜಾ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೂ ದೇವರ ದಯೆಯೇ.

ಮನೆವಾರ್ತೆ ನನಗೆ ಕಲಿಸಿದ್ದು ಇಷ್ಟು: ಹಿರಿಯರು ಸಾವಿನ ಮಾತೆತ್ತಿದರೆ ಬಾಯಿ ಮುಚ್ಚಿಸಬಾರದು. ಕೂತು ಕೇಳಬೇಕು, ಬರೆದಿಡಬೇಕು, ಮನೆಯವರೆಲ್ಲರ ಮುಂದೆ ಓದಬೇಕು. ಶುಕ್ರವಾರವಾದರೂ ಸರಿ.

ಹಾಳೆಯನ್ನು ದೇವರ ಮನೆಯ ಗೂಡಿನಲ್ಲಿಟ್ಟು ಹಿಂಬಾಗಿಲಿಗೆ ಬಂದೆ. ಅವರೆಕಾಯಿ ಸುಲಿಯುವುದು ಬಾಕಿಯಿತ್ತು.